ಹೂವಿನ ಡೇಟ್ ಕೊಡುವವರು ಯಾರು?

ನಮ್ಮಲ್ಲಿ ಮದುವೆ ನಿಶ್ಚಯವಾದ ಕೂಡಲೇ ಮೂರು ಕಡೆ ಫೋನ್ ಹೋಗುತ್ತದೆ: ಛತ್ರಕ್ಕೆ, ಅಡುಗೆಯವರಿಗೆ, ಫೋಟೋಗ್ರಾಫರ್‌ಗೆ. ಮೂವರಿಗೂ ಒಂದೇ ಪ್ರಶ್ನೆ, "ಆ ಡೇಟ್ ಖಾಲಿ ಇದೆಯಾ?" ಮುಂಬೈಯ ಮಾಟುಂಗಾ ಇರಲಿ, ಪುಣೆ ಇರಲಿ, ಚೆನ್ನೈ ಇರಲಿ, ನಮ್ಮವರ ಮದುವೆ ಮುಂಜಿಗಳ ಫೋಟೋ ತೆಗೆಯುವವನ ವರ್ಷವನ್ನು ಬರೆದುಕೊಡುವುದು ಪಂಚಾಂಗ. ಒಳ್ಳೆಯ ಮುಹೂರ್ತ ಇದ್ದ ದಿನ ಎರಡು ಕಡೆ ಓಟ, ಆಷಾಢ ಬಂತೆಂದರೆ ಲೆನ್ಸ್ ಒರೆಸಿಕೊಂಡು ಮನೆಯಲ್ಲಿ. ಹೊರಗೆ ಬಿಸಿಲಿದ್ದರೇನು, ಮಳೆ ಸುರಿದರೇನು, ಛತ್ರದೊಳಗೆ ಲೈಟ್ ಉರಿಯುತ್ತಿರುತ್ತದೆ, ಕೆಲಸ ನಡೆಯುತ್ತದೆ.

ಜಪಾನಿನಲ್ಲಿ ಇದೇ ಕಸುಬಿನಲ್ಲಿರುವವರಿಗೆ ಪಂಚಾಂಗ ಒಂದೇ ಸಾಲದು. ಅಲ್ಲೂ ಪಂಚಾಂಗದಂಥದ್ದು ಉಂಟು. ರೊಕುಯೊ ಎಂದು ಆರು ದಿನಗಳ ಒಂದು ಚಕ್ರ, ಅದರಲ್ಲಿ 'ತಾಯಾನ್' ಶುಭದಿನ, 'ಬುತ್ಸುಮೆತ್ಸು' ಅಶುಭದಿನ. ತಾಯಾನ್ ಬಿದ್ದ ಶನಿವಾರ ಮದುವೆ ಹಾಲ್ ಸಿಗುವುದು ಕಷ್ಟ, ಬುತ್ಸುಮೆತ್ಸು ದಿನಕ್ಕೆ ಹಾಲಿನವರೇ ರಿಯಾಯಿತಿ ಕೊಡುತ್ತಾರೆ. ಇಷ್ಟು ನಮಗೆ ಹೊಸದಲ್ಲ, ಬಿಡಿ. ಹೊಸದು ಏನೆಂದರೆ ಅಲ್ಲಿಯ ಗಿರಾಕಿಗೆ ಮುಖದ ಜೊತೆ ಋತುವೂ ಫೋಟೋದಲ್ಲಿ ಬರಬೇಕು. ಮಗಳು ಶಾಲೆಗೆ ಸೇರುವ ದಿನದ ಫೋಟೋದಲ್ಲಿ ಸಕುರಾ ಇರಬೇಕು, ಮದುಮಗಳ ಬಿಳಿ ಕಿಮೊನೊದ ಹಿಂದೆ ಕೆಂಪು ಮೇಪಲ್ ಇರಬೇಕು. ಅಂದರೆ ಡೇಟ್ ಕೊಡಬೇಕಾದದ್ದು ಮರ. ಆ ಮರಗಳು ಈಚೆಗೆ ಮಾತು ತಪ್ಪುತ್ತಿವೆ.

ಅಲ್ಲಿಯ ಫೋಟೋಗ್ರಾಫರ್‌ನ ವರ್ಷ ಶುರುವಾಗುವುದು ಮಾರ್ಚ್‌ನಲ್ಲಿ. ಜಪಾನಿನ ಶಾಲಾ ವರ್ಷವೂ ಹಣಕಾಸಿನ ವರ್ಷವೂ ಏಪ್ರಿಲ್ 1ಕ್ಕೆ ಆರಂಭ. ಹಾಗಾಗಿ ಮಾರ್ಚ್‌ನಲ್ಲಿ ಶಾಲೆ ಕಾಲೇಜುಗಳ ಬೀಳ್ಕೊಡುಗೆ ಸಮಾರಂಭ, ಏಪ್ರಿಲ್ ಒಂದರಂದು ಕಂಪನಿಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ಸಮಾರಂಭ, ಆಮೇಲಿನ ವಾರ ಶಾಲೆಗಳ ಪ್ರವೇಶೋತ್ಸವ. ಇವಕ್ಕೆಲ್ಲ ಫೋಟೋಗ್ರಾಫರ್ ಬೇಕು. ಇದೇ ಮೂರು ನಾಲ್ಕು ವಾರಗಳೊಳಗೆ ಟೋಕಿಯೋ, ಕ್ಯೋಟೋ, ಒಸಾಕಾಗಳಲ್ಲಿ ಸಕುರಾ ಅರಳಿ ಉದುರಿಯೂ ಹೋಗುತ್ತದೆ.

ಅರಳಿತು ಎಂದು ಹೇಳುವುದಕ್ಕೂ ಅಲ್ಲಿ ಸರ್ಕಾರಿ ಕ್ರಮವಿದೆ. ಟೋಕಿಯೋದಲ್ಲಿ ಯಾಸುಕುನಿ ದೇಗುಲದ ಆವರಣದ ಒಂದು ಮರವನ್ನು ಹವಾಮಾನ ಇಲಾಖೆ ಮಾದರಿ ಮರ ಎಂದು ಇಟ್ಟುಕೊಂಡಿದೆ. ಅಧಿಕಾರಿ ಬಂದು ಕತ್ತೆತ್ತಿ ಎಣಿಸುತ್ತಾರೆ, ಸುತ್ತ ಟಿವಿ ಕ್ಯಾಮೆರಾಗಳು. ಐದಾರು ಹೂ ಬಿರಿದಿದ್ದರೆ 'ಅರಳಿತು' ಎಂದು ಘೋಷಣೆ. ಶೇಕಡಾ 80ರಷ್ಟು ಮೊಗ್ಗು ಬಿರಿದರೆ 'ತುಂಬು ಹೂ'. ಒಂದರಿಂದ ಇನ್ನೊಂದಕ್ಕೆ ಸುಮಾರು ಒಂದು ವಾರ. ಊರೂರಿನಲ್ಲಿ ನೆಟ್ಟಿರುವ ಸೊಮೆಯ್ ಯೊಶಿನೊ ಎಂಬ ತಳಿಯ ಮರಗಳೆಲ್ಲ ಕಸಿ ಮಾಡಿ ಬೆಳೆಸಿದ ಒಂದೇ ಮರದ ಪ್ರತಿಗಳು. ಆದ್ದರಿಂದಲೇ ಒಂದು ಊರಿನಲ್ಲಿ ಎಲ್ಲವೂ ಒಟ್ಟಿಗೆ ಅರಳುತ್ತವೆ, ಒಟ್ಟಿಗೆ ಉದುರುತ್ತವೆ. ನೋಡುವವರಿಗೆ ಹಬ್ಬ. ಆರು ತಿಂಗಳ ಮುಂಚೆ ಅಡ್ವಾನ್ಸ್ ತೆಗೆದುಕೊಂಡು ಏಪ್ರಿಲ್ ಮೂರರ ಡೇಟ್ ಕೊಟ್ಟವನಿಗೆ ಎದೆಬಡಿತ.

ಟೋಕಿಯೋದ ದಿನಾಂಕಗಳನ್ನೇ ನೋಡಿ. 2023ರಲ್ಲಿ ಮಾರ್ಚ್ 14ಕ್ಕೆ ಅರಳಿತು, 22ಕ್ಕೆ ತುಂಬಿತು. ಮರುವರ್ಷ, 2024ರಲ್ಲಿ, ಮಾರ್ಚ್ 29ರವರೆಗೂ ಕಾಯಿಸಿ ಏಪ್ರಿಲ್ 4ಕ್ಕೆ ತುಂಬಿತು. ಒಂದು ವರ್ಷಕ್ಕೂ ಇನ್ನೊಂದಕ್ಕೂ ಹದಿನೈದು ದಿನ ವ್ಯತ್ಯಾಸ! ಹೂವಿನ ಬಾಳೇ ಹತ್ತು ಹನ್ನೆರಡು ದಿನ. 2023ರಲ್ಲಿ ಪ್ರವೇಶೋತ್ಸವದ ಹೊತ್ತಿಗೆ ಟೋಕಿಯೋದ ಮರಗಳಲ್ಲಿ ಎಲೆ ಬಂದಿತ್ತು. ಬೆನ್ನಿಗೆ ಹೊಸ ರಾಂದೊಸೆರು ಚೀಲ ಹಾಕಿಕೊಂಡ ಆರು ವರ್ಷದ ಮಗು ಶಾಲೆಯ ಗೇಟಿನ ಬೋರ್ಡ್ ಪಕ್ಕ, ಸಕುರಾದ ಕೆಳಗೆ ನಿಂತ ಚಿತ್ರ ಜಪಾನಿನ ಪ್ರತಿ ಮನೆಯ ಆಲ್ಬಮ್ಮಿನಲ್ಲೂ ಇರುವಂಥದ್ದು. ಅಜ್ಜಿಯದ್ದಿದೆ, ಅಮ್ಮನದ್ದಿದೆ. ಟೋಕಿಯೋದಂಥ ಊರುಗಳಲ್ಲಿ ಹೂ ಈಗ ಹಲವು ವರ್ಷ ಪ್ರವೇಶೋತ್ಸವವನ್ನು ಬಿಟ್ಟು ಬೀಳ್ಕೊಡುಗೆಯ ಕಡೆಗೆ ಜಾರುತ್ತಿದೆ.

ಇದು ಬರೀ ಒಂದೆರಡು ವರ್ಷದ ಏರುಪೇರು ಇರಬಹುದಲ್ಲ ಎಂದು ಕೇಳಬಹುದು. ಕ್ಯೋಟೋದಲ್ಲಿ ಅದಕ್ಕೆ ಉತ್ತರ ಸಿಗುತ್ತದೆ. ಅರಮನೆಯವರು, ಸನ್ಯಾಸಿಗಳು ಬರೆದಿಟ್ಟ ದಿನಚರಿಗಳಿಂದ ಹೂವಿನ ಔತಣಗಳ ದಿನಾಂಕ ಹೆಕ್ಕಿ ಯಾಸುಯುಕಿ ಆಓನೊ ಎಂಬ ವಿಜ್ಞಾನಿ ಸುಮಾರು 1,200 ವರ್ಷಗಳ ಪಟ್ಟಿ ಕಟ್ಟಿದರು. ಅದು ಶುರುವಾಗುವುದು ಕ್ರಿ.ಶ. 812ರಿಂದ. 2021ರಲ್ಲಿ ಕ್ಯೋಟೋದ ಸಕುರಾ ಮಾರ್ಚ್ 26ಕ್ಕೆ ತುಂಬಿದಾಗ, ಆವರೆಗಿನ ಇಡೀ ಪಟ್ಟಿಯಲ್ಲಿ ಅಷ್ಟು ಬೇಗ ಅರಳಿದ ವರ್ಷ ಇನ್ನೊಂದಿರಲಿಲ್ಲ.

ಇಷ್ಟಾದರೂ ಕೆಲಸ ಮಾಡಲೇಬೇಕಲ್ಲ. ಅನುಭವಿ ಫೋಟೋಗ್ರಾಫರ್‌ನ ನಿಜವಾದ ಬಂಡವಾಳ ಅವನ ಕ್ಯಾಮೆರಾಕ್ಕಿಂತ ಅವನ ಮರಗಳ ಪಟ್ಟಿ. ಫೆಬ್ರವರಿಯಲ್ಲೇ ಅರಳುವ ಗಾಢ ಗುಲಾಬಿಯ ಕವಾಜು ತಳಿ ಎಲ್ಲಿದೆ, ಇಳಿಬಿದ್ದ ಕೊಂಬೆಯ ಸಕುರಾ ಯಾವ ಗುಡಿಯಲ್ಲಿದೆ, ಎಲ್ಲ ಉದುರಿದ ಮೇಲೂ ಏಪ್ರಿಲ್ ನಡುವಿನವರೆಗೆ ನಿಲ್ಲುವ ಸುತ್ತುಪಕಳೆಯ ಯಾಯೆಜಕುರಾ ಯಾವ ಪಾರ್ಕಿನಲ್ಲಿದೆ, ಇದೆಲ್ಲ ಅವನಿಗೆ ಬಾಯಿಪಾಠ. ಕ್ಯೋಟೋದ ನಿನ್ನಾಜಿ ದೇವಾಲಯದ ಗಿಡ್ಡ ಮರಗಳು ತಡವಾಗಿ ಅರಳುವುದಕ್ಕೇ ಹೆಸರಾದವು. ಬೇರೆ ಕಡೆ ಕೈಕೊಟ್ಟಾಗ ಅವು ಮಾನ ಕಾಯುತ್ತವೆ. ಅನೇಕ ಸ್ಟುಡಿಯೋಗಳು ಕರಾರಿನಲ್ಲೇ ಬರೆಯುತ್ತವೆ: ಮಳೆ ಬಂದರೆ ಡೇಟ್ ಬದಲಿಸಿಕೊಡುತ್ತೇವೆ, ಹೂವಿನ ಖಾತ್ರಿ ನಮ್ಮದಲ್ಲ.

ಹೂ ಸಿಕ್ಕ ಮೇಲೂ ಕಷ್ಟ ಮುಗಿಯುವುದಿಲ್ಲ. ಸಕುರಾ ನಾವು ಕ್ಯಾಲೆಂಡರಿನಲ್ಲಿ ನೋಡಿದಷ್ಟು ಗುಲಾಬಿಯಲ್ಲ, ಬಹುಪಾಲು ಬಿಳಿ. ಇಷ್ಟು ಬಿಳಿಯನ್ನು ಕಂಡ ಕ್ಯಾಮೆರಾದ ಮೀಟರ್ ಬೆಳಕು ಜಾಸ್ತಿಯಾಯಿತೆಂದು ತಿಳಿದು ಎಲ್ಲವನ್ನೂ ಮಂಕು ಮಾಡಿಬಿಡುತ್ತದೆ. ಕೈಯಾರೆ ಎಕ್ಸ್‌ಪೋಶರ್ ಏರಿಸದಿದ್ದರೆ ಹೂವೂ ಬೂದಿ, ಮುಖವೂ ಬೂದಿ. ಈ ದಿನಗಳಲ್ಲಿ ಆಕಾಶ ಮುಚ್ಚಿಕೊಂಡಿರುವುದೇ ಹೆಚ್ಚು. ಅದಕ್ಕೆ ಜಪಾನಿ ಭಾಷೆಯಲ್ಲಿ 'ಹನಗುಮೊರಿ', ಹೂಗಾಲದ ಮೋಡ, ಎಂಬ ಹೆಸರೇ ಇದೆ. ಮೋಡದ ಬೆಳಕು ಮುಖಕ್ಕೆ ಬಹಳ ಒಳ್ಳೆಯದು, ಕಣ್ಣ ಕೆಳಗೆ ನೆರಳು ಬೀಳುವುದಿಲ್ಲ. ಆದರೆ ಬಿಳಿ ಆಕಾಶಕ್ಕೆ ಬಿಳಿ ಹೂ ಹಿಡಿದರೆ ಹೂ ಮಾಯ. ಆಗ ಹಿಂದುಗಡೆ ಗುಡಿಯ ಕಪ್ಪು ಚಾವಣಿಯೋ ಕಡುಹಸಿರು ಪೈನ್ ಮರವೋ ಬರುವಂತೆ ಜಾಗ ಹುಡುಕಿ ನಿಲ್ಲಿಸಬೇಕು. ಇದನ್ನು ಒಂದು ಗಂಟೆಯೊಳಗೆ ಮುಗಿಸಬೇಕು. ಮುಂದಿನ ಜೋಡಿ ಕಿಮೊನೊ ಉಟ್ಟು ಕಾರಿನಲ್ಲಿ ಕಾಯುತ್ತಿರುತ್ತದೆ.

ಜೂನ್ ಮೊದಲ ವಾರ ದಾಟಿದರೆ ಟೋಕಿಯೋ ಸೀಮೆಗೆ ಮಳೆಗಾಲ, ಜುಲೈ ಮೂರನೇ ವಾರದವರೆಗೆ. ನಮ್ಮ ಮುಂಬೈ ಮಳೆಯ ಅಬ್ಬರ ಅದಕ್ಕಿಲ್ಲ, ಜಿಟಿಜಿಟಿ. ಲೆನ್ಸ್‌ನೊಳಗೆ ಫಂಗಸ್ ಬರುವುದು ಮಾತ್ರ ಎರಡೂ ಕಡೆ ಒಂದೇ. ಮುಂಬೈ, ಮಂಗಳೂರು ಕಡೆಯವರಿಗೆ ಈ ಗೋಳು ಗೊತ್ತೇ ಇದೆ. ನಮ್ಮವರು ಅಕ್ಕಿ ಡಬ್ಬ, ಸಿಲಿಕಾ ಜೆಲ್ ಎಂದು ಪರದಾಡುತ್ತಾರೆ. ಅಲ್ಲಿ ಕಸುಬಿನವರ ಮನೆಯಲ್ಲಿ ತೇವ ಹೀರುವ ಕರೆಂಟಿನ ಬೀರು ಸಾಮಾನ್ಯ. ಈ ಮಳೆಯಲ್ಲೂ ಕಾಮಾಕುರಾದ ಗುಡಿಗಳಲ್ಲಿ ನೀಲಿ ಹೈಡ್ರೇಂಜಿಯಾ ಅರಳುತ್ತದೆ, ಪಾರದರ್ಶಕ ಕೊಡೆ ಹಿಡಿಸಿ ಫೋಟೋ ತೆಗೆಯುತ್ತಾರೆ. ಆ ಕೊಡೆಯೇ ಮುಖದ ಮೇಲೆ ಬೆಳಕು ಹದಮಾಡಿ ಹರಡುತ್ತದೆ.

ಬೇಸಿಗೆ ಉತ್ಸವಗಳ ಕಾಲ. ಜುಲೈ 17 ಮತ್ತು 24ಕ್ಕೆ ಕ್ಯೋಟೋದ ಗಿಯೋನ್ ಉತ್ಸವದ ರಥಗಳು, ಆಗಸ್ಟ್ ನಡುವೆ ತೊಕುಶಿಮಾದ ಆವಾ ಕುಣಿತ. ಅಧಿಕೃತ ಫೋಟೋಗ್ರಾಫರ್‌ಗಳು ತೋಳಿಗೆ ಪಟ್ಟಿ ಕಟ್ಟಿಕೊಂಡು ಹಗ್ಗದೊಳಗೆ ನಿಲ್ಲುತ್ತಾರೆ. ಆದರೆ ಪೋರ್ಟ್ರೇಟ್ ಕೆಲಸಕ್ಕೆ ಆಗಸ್ಟ್ ಎಂದರೆ ನಮ್ಮ ಆಷಾಢವೇ. ಫೆಬ್ರವರಿ ಮತ್ತು ಆಗಸ್ಟ್, ಎರಡು ಹಾಗೂ ಎಂಟನೇ ತಿಂಗಳು, ವ್ಯಾಪಾರ ಮಲಗುವ ಕಾಲ ಎಂದು ಅಲ್ಲಿಯ ವರ್ತಕರೆಲ್ಲ ಇದನ್ನು 'ನಿಪ್ಪಾಚಿ' ಎನ್ನುತ್ತಾರೆ. ಈಗಿನ ಸೆಖೆಯಲ್ಲಂತೂ ಪದರಪದರ ಕಿಮೊನೊ ಉಡಿಸಿ ಯಾರನ್ನೂ ಹೊರಗೆ ನಿಲ್ಲಿಸುವಂತಿಲ್ಲ. 2025ರ ಆಗಸ್ಟ್ 5ರಂದು ಇಸೆಸಾಕಿ ಊರಿನಲ್ಲಿ 41.8 ಡಿಗ್ರಿ ದಾಖಲಾಯಿತು, ಇದು ಜಪಾನಿನಲ್ಲೇ ಅಲ್ಲಿಯವರೆಗೆ ಕಂಡ ಗರಿಷ್ಠ ತಾಪ.

ಈ ಸೊರಗಿದ ತಿಂಗಳುಗಳನ್ನು ತುಂಬಿಸಿಕೊಳ್ಳಲು ಅಲ್ಲಿಯವರು ಕಂಡುಕೊಂಡ ದಾರಿ 'ಮಾಯೆದೊರಿ', ಎಂದರೆ ಮುಂಚಿತವಾಗಿ ತೆಗೆಯುವುದು. ನಮ್ಮ ಪ್ರೀ-ವೆಡ್ಡಿಂಗ್ ಶೂಟ್‌ನಂತೆ ಎನ್ನಬಹುದು, ಆದರೆ ಅಲ್ಲಿ ಡ್ರೋನೂ ಇಲ್ಲ, ಹಾಡಿಗೆ ಸ್ಲೋ ಮೋಶನ್‌ನಲ್ಲಿ ಓಡುವುದೂ ಇಲ್ಲ. ಸಮಾರಂಭದ ದಿನದ ಉಡುಪನ್ನು ತಿಂಗಳುಗಳ ಮೊದಲೇ ಉಟ್ಟು, ಗಡಿಬಿಡಿಯಿಲ್ಲದೆ ಫೋಟೋ ತೆಗೆಸಿಕೊಳ್ಳುವುದು, ಅಷ್ಟೆ. ಮದುವೆಗೂ ಉಂಟು, ಜನವರಿಯ ವಯಸ್ಕರ ದಿನಕ್ಕೂ ಉಂಟು.

ಮದುವೆಯ ದಿನವಂತೂ ಹೊರಗಿನ ಫೋಟೋಗ್ರಾಫರ್‌ಗೆ ಹಾಲಿನೊಳಗೆ ಕಾಲಿಡುವುದೇ ಕಷ್ಟ. ಬಹುತೇಕ ಹಾಲ್‌ಗಳಿಗೆ ತಮ್ಮದೇ ಫೋಟೋಗ್ರಾಫರ್‌ಗಳಿರುತ್ತಾರೆ. ಬೇರೆಯವರನ್ನು ಕರೆತಂದರೆ ಮದುವೆ ಮನೆಯವರು 'ಮೊಚಿಕೊಮಿ' ಶುಲ್ಕ ಕಟ್ಟಬೇಕು, ಕೆಲವೆಡೆ ಬಿಡುವುದೇ ಇಲ್ಲ. ಛತ್ರದವರ ಅಡುಗೆಯವರನ್ನೇ ಇಟ್ಟುಕೊಳ್ಳಬೇಕೆಂಬ ನಮ್ಮ ಕಟ್ಟಳೆಯ ಹಾಗೆ. ಆರತಕ್ಷತೆ ಸುಮಾರು ಎರಡೂವರೆ ಗಂಟೆ, ನಿಮಿಷ ನಿಮಿಷಕ್ಕೂ ಪಟ್ಟಿ. ವಧು ಯಾವ ಬಾಗಿಲಿಂದ ಎಷ್ಟು ಗಂಟೆಗೆ ಬರುತ್ತಾಳೆಂದು ಬರೆದಿರುತ್ತದೆ, ಅದೇ ನಿಮಿಷಕ್ಕೆ ಬರುತ್ತಾಳೆ. ಹಾಲಿನ ಹಂಗಿಲ್ಲದ ಸ್ವತಂತ್ರ ಫೋಟೋಗ್ರಾಫರ್‌ಗೆ ಉಳಿಯುವುದು ಮಾಯೆದೊರಿಯೇ. ಅವನ ಮದುವೆ ಆದಾಯವೂ ಕೊನೆಗೆ ಹೂವಿಗೆ, ಎಲೆಗೆ ಕಟ್ಟುಬೀಳುತ್ತದೆ.

ಎಲೆಯ ಕಾಲ ನವೆಂಬರ್. ಮಕ್ಕಳ ಫೋಟೋ ತೆಗೆಯುವವರಿಗೆ ವರ್ಷದ ದೊಡ್ಡ ಸುಗ್ಗಿ ಇದೇ. ನವೆಂಬರ್ 15 'ಶಿಚಿ-ಗೊ-ಸಾನ್', ಎಂದರೆ ಏಳು-ಐದು-ಮೂರು. ಮೂರು ಮತ್ತು ಏಳು ವರ್ಷದ ಹೆಣ್ಣುಮಕ್ಕಳನ್ನು, ಐದು ವರ್ಷದ ಗಂಡುಮಕ್ಕಳನ್ನು (ಕೆಲವೆಡೆ ಮೂರರವರನ್ನೂ) ಕಿಮೊನೊ ಉಡಿಸಿ ದೇಗುಲಕ್ಕೆ ಕರೆತರುತ್ತಾರೆ. ಕೈಗೆ ಆಯುಷ್ಯದ ಮಿಠಾಯಿಯ ಉದ್ದ ಚೀಲ. ಐದರ ಹುಡುಗ ಮೊದಲ ಬಾರಿ ಹಕಾಮಾ ತೊಡುತ್ತಾನೆ, ಏಳರ ಹುಡುಗಿ ಮೊದಲ ಬಾರಿ ದೊಡ್ಡವರ ಹಾಗೆ ಓಬಿ ಕಟ್ಟಿಸಿಕೊಳ್ಳುತ್ತಾಳೆ. ನಮ್ಮ ಚೌಲ, ಉಪನಯನಗಳ ಹತ್ತಿರದ ನೆಂಟ ಇದು. ಅಕ್ಟೋಬರ್‌ನಿಂದಲೇ ಶನಿವಾರ ಭಾನುವಾರಗಳಲ್ಲಿ ಗುಡಿಯ ಅಂಗಳ ತುಂಬಿರುತ್ತದೆ.

ಮೂರು ವರ್ಷದ ಮಗುವಿಗೆ ಆ ಉಡುಪಿನಲ್ಲಿ ಒಂದು ಗಂಟೆಗಿಂತ ಹೆಚ್ಚು ತಾಳ್ಮೆ ಇರುವುದಿಲ್ಲ, ಕಾಲಿಗೆ ಕಚ್ಚುವ ಚಪ್ಪಲಿ ಬೇರೆ. ಕಸುಬು ಬಲ್ಲವರು ಪೂಜೆಗೆ ಮೊದಲೇ ಮುಖ್ಯ ಚಿತ್ರಗಳನ್ನು ಮುಗಿಸಿಕೊಳ್ಳುತ್ತಾರೆ, ನಿದ್ದೆಯ ಹೊತ್ತಿಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ನಗಿಸಲು "ಒಂದಕ್ಕೆ ಒಂದು ಕೂಡಿದರೆ?" ಎಂದು ಕೇಳುವುದು ಹಳೆಯ ಉಪಾಯ. ಎರಡಕ್ಕೆ ಜಪಾನಿಯಲ್ಲಿ 'ನಿ'. ಹಾಗೆಂದರೆ ತುಟಿ ತಾನಾಗಿ ನಗುತ್ತದೆ.

ಕಿಮೊನೊ ತೆಗೆಯುವವನಿಗೆ ತಿಳಿದಿರಲೇಬೇಕಾದ ಒಂದು ಸಂಗತಿ ಇದೆ. ಬದುಕಿರುವವರಿಗೆ ಎಡಗಡೆಯ ಸೆರಗು ಮೇಲೆ ಬರುವಂತೆ ಉಡಿಸುತ್ತಾರೆ. ಬಲಗಡೆಯದು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ. ಹಾಗಾಗಿ ಎಡಿಟ್ ಮಾಡುವಾಗ ಚೆನ್ನಾಗಿ ಕಾಣುತ್ತದೆಂದು ಫೋಟೋವನ್ನು ಎಡಬಲ ತಿರುಗಿಸುವಂತಿಲ್ಲ. ಒಂದು ಕ್ಲಿಕ್ಕಿನಲ್ಲಿ ಏಳು ವರ್ಷದ ಮಗುವನ್ನು ಶವದ ಉಡುಪಿನಲ್ಲಿ ನಿಲ್ಲಿಸಿದಂತಾಗುತ್ತದೆ. ಸೆಲ್ಫಿ ಕ್ಯಾಮೆರಾ ಕನ್ನಡಿಯ ಹಾಗೆ ತಿರುಗಿಸಿ ಉಳಿಸಿದಾಗಲೂ ಇದೇ ಗೊಂದಲ. ಕಿಮೊನೊದ ಸಾಂಪ್ರದಾಯಿಕ ಭಂಗಿಯ ಫೋಟೋಗಳೇ ಒಂದು ಪ್ರತ್ಯೇಕ ವಿದ್ಯೆ, ಅದಕ್ಕೆ 'ಕತಾಮೊನೊ' ಎನ್ನುತ್ತಾರೆ. ತೋಳಿನ ಮಡಿಕೆ, ಅಂಚಿನ ಬಾಗು, ಬೆರಳಿನ ಜೋಡಣೆ ಎಲ್ಲಕ್ಕೂ ನಿಯಮ. ನಮ್ಮ ಹಳೆಯ ಸ್ಟುಡಿಯೋಗಳಲ್ಲಿ ಅಜ್ಜ ಕುರ್ಚಿಯ ಮೇಲೆ, ಅಜ್ಜಿ ಪಕ್ಕದಲ್ಲಿ ನಿಂತು, ನಡುವೆ ಹೂದಾನಿ ಇಟ್ಟು ತೆಗೆಯುತ್ತಿದ್ದರಲ್ಲ, ಆ ಶಿಸ್ತಿನ ಅಣ್ಣ ಅದು.

ಇಲ್ಲೂ ಮರ ಕೈಕೊಡುತ್ತದೆ. ನವೆಂಬರ್ ನಡುವಿನ ಫೋಟೋದಲ್ಲಿ ಬಂಗಾರದ ಬಣ್ಣದ ಗಿಂಕೊ ಎಲೆ ಇರಬೇಕೆಂದು ತಾಯಂದಿರ ಆಸೆ. ಟೋಕಿಯೋದ ಗಿಂಕೊ ತುಂಬು ಹಳದಿಯಾಗುವುದು ಈಗ ನವೆಂಬರ್ ಕೊನೆಗೆ, ಕೆಲವೊಮ್ಮೆ ಡಿಸೆಂಬರ್‌ಗೆ. ಹೂ ಬೇಗ ಬರುತ್ತಿದೆ, ಎಲೆ ತಡವಾಗುತ್ತಿದೆ. ಜೊತೆಗೆ ಮಕ್ಕಳೇ ಕಡಿಮೆ. 1973ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಕ್ಕಳು ಸುಮಾರು 20.9 ಲಕ್ಷ, 2024ರಲ್ಲಿ 6.86 ಲಕ್ಷ. ಈ ವರ್ಷ ಹುಟ್ಟದ ಮಗು ಮೂರು ವರ್ಷದ ನಂತರ ಗುಡಿಗೆ ಬರುವುದಿಲ್ಲ, ಆರರಲ್ಲಿ ಶಾಲೆಗೆ ಸೇರುವುದಿಲ್ಲ, ಇಪ್ಪತ್ತರಲ್ಲಿ ಕಿಮೊನೊ ಬಾಡಿಗೆ ಪಡೆಯುವುದಿಲ್ಲ. ಸ್ಟುಡಿಯೋದವರ ಲೆಕ್ಕದ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಸುದ್ದಿಯಿಲ್ಲ. ಅರ್ಧ ವರ್ಷದ ಹುಟ್ಟುಹಬ್ಬ, ನಾಯಿಮರಿಗೂ ಏಳು-ಐದು-ಮೂರು, ಪ್ರವಾಸಿಗರಿಗೆ ಕಿಮೊನೊ ಫೋಟೋ, ಇವೆಲ್ಲ ಆ ತೂತು ಮುಚ್ಚುವ ಪ್ರಯತ್ನಗಳು. ಹೊರಗಿನ ಫೋಟೋಗ್ರಾಫರ್‌ಗಳ ನೂಕುನುಗ್ಗಲು ಹೆಚ್ಚಾಗಿ, ಕೆಲವು ಗುಡಿಗಳು ಮೊದಲೇ ಹೆಸರು ನೋಂದಾಯಿಸಬೇಕೆಂದು ಬೋರ್ಡ್ ಹಾಕಿವೆ. ಗುಡಿಯವರದ್ದು ತಪ್ಪೆಂದು ನನಗನ್ನಿಸುವುದಿಲ್ಲ. ಪ್ರಾರ್ಥನೆಗೆ ನಿಂತವರ ಮುಂದೆ ರಿಫ್ಲೆಕ್ಟರ್ ಹಿಡಿದು ಮಂಡಿಯೂರುವವರನ್ನು ನಮ್ಮ ದೇವಸ್ಥಾನಗಳಲ್ಲೂ ಕಂಡಿದ್ದೇವಲ್ಲ.

ಒಪ್ಪಿಗೆಯಿಲ್ಲದೆ ಮುಖ ತೆಗೆಯಬಾರದೆಂಬ ಎಚ್ಚರವೂ ಅಲ್ಲಿ ಹೆಚ್ಚು. ಸರಿಯಾದ ಕಾರಣವಿಲ್ಲದೆ ಒಬ್ಬರ ಮುಖವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1969ರಲ್ಲೇ ಹೇಳಿದೆ. ಕಂಪನಿಯ ಸಭೆಗಳಲ್ಲಿ ಫೋಟೋ ಬೇಡದವರ ಕೊರಳಪಟ್ಟಿಗೆ ಬೇರೆ ಬಣ್ಣ ಕೊಡುವುದುಂಟು. ಶಾಲೆಯ ಫೋಟೋಗ್ರಾಫರ್ ಯಾವ ಮಕ್ಕಳ ಚಿತ್ರ ಪ್ರಕಟಿಸಬಾರದೆಂಬ ಪಟ್ಟಿ ಜೇಬಿನಲ್ಲಿಟ್ಟುಕೊಳ್ಳುತ್ತಾನೆ. ಮದುವೆ ಮನೆಯಲ್ಲಿ ಊಟ ಮಾಡುವವರ ಬಾಯಿಗೇ ಲೈಟ್ ಹಿಡಿಯುವ ನಮ್ಮ ವಿಡಿಯೋದವರನ್ನು ಅಲ್ಲಿಗೆ ಒಂದು ವಾರ ಕಳಿಸಬೇಕು.

ಚಳಿಗಾಲದಲ್ಲಿ ಹಗಲೇ ಕಡಿಮೆ. ಡಿಸೆಂಬರ್‌ನಲ್ಲಿ ಟೋಕಿಯೋದ ಸೂರ್ಯ ಸಂಜೆ ನಾಲ್ಕೂವರೆಗೆ ಮುಳುಗುತ್ತಾನೆ, ಜೂನ್‌ನಲ್ಲಾದರೆ ಬೆಳಗಿನ ನಾಲ್ಕೂವರೆಗೇ ಹುಟ್ಟುತ್ತಾನೆ. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯೋದಯ ಒಂದು ಗಂಟೆಯೊಳಗೆ ಆಚೀಚೆ ಆಗುವುದನ್ನು ಕಂಡವರಿಗೆ ಇದು ವಿಚಿತ್ರ. ಚಳಿಗಾಲದ ನಡುಹಗಲಲ್ಲೂ ಸೂರ್ಯ ದಿಗಂತದಿಂದ ಸುಮಾರು 31 ಡಿಗ್ರಿಗಿಂತ ಮೇಲೇರುವುದಿಲ್ಲ. ನಮ್ಮಲ್ಲಿ ಫೋಟೋಗ್ರಾಫರ್‌ಗಳು ಸಂಜೆ ಐದಕ್ಕೆ ಕಾಯುವ ಆ ಓರೆ ಬೆಳಕು ಅಲ್ಲಿ ಜನವರಿಯ ಹನ್ನೆರಡು ಗಂಟೆಗೆ ಸಿಗುತ್ತದೆ. ಎರಡೂವರೆ ದಾಟಿತೆಂದರೆ ಮಾತ್ರ ಓಡಬೇಕು. ಹೊಕ್ಕಾಯ್ಡೊ ಹಿಮದಲ್ಲಿ ಕೆಲಸ ಮಾಡುವವರು ಬ್ಯಾಟರಿಯನ್ನು ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳುತ್ತಾರೆ. ಬಿಸಿ ಕೋಣೆಗೆ ಬರುವ ಮೊದಲು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುತ್ತಾರೆ, ಇಲ್ಲದಿದ್ದರೆ ಲೆನ್ಸ್ ಬೆವರುತ್ತದೆ.

ಜನವರಿಯ ಎರಡನೇ ಸೋಮವಾರ ವಯಸ್ಕರ ದಿನ. 2022ರ ಏಪ್ರಿಲ್‌ನಿಂದ ಕಾನೂನಿನ ಪ್ರಕಾರ ಹದಿನೆಂಟಕ್ಕೇ ವಯಸ್ಕರು. ಆದರೆ ಹದಿನೆಂಟರವರಿಗೆ ಜನವರಿ ಪರೀಕ್ಷೆಯ ಕಾಲ, ಆದ್ದರಿಂದ ಹೆಚ್ಚಿನ ಊರುಗಳಲ್ಲಿ ಸಮಾರಂಭ ಇಪ್ಪತ್ತಕ್ಕೇ ಉಳಿದಿದೆ. ನೆಲಮುಟ್ಟುವ ತೋಳಿನ ಫುರಿಸೊದೆ ಉಡಿಸಿಕೊಳ್ಳಲು ಹುಡುಗಿಯರು ಬೆಳಗಿನ ಜಾವ ನಾಲ್ಕಕ್ಕೆ ಅಂಗಡಿ ಮುಂದೆ ಇರುತ್ತಾರೆ. 2018ರ ಆ ದಿನ ಯೊಕೊಹಾಮಾದ ಒಂದು ಕಿಮೊನೊ ಬಾಡಿಗೆ ಕಂಪನಿ ಹೇಳದೆ ಕೇಳದೆ ಬಾಗಿಲು ಹಾಕಿತು. ದುಡ್ಡು ಕಟ್ಟಿದ್ದ ನೂರಾರು ಹುಡುಗಿಯರಿಗೆ ಉಡಲು ಏನೂ ಇರಲಿಲ್ಲ. ಮುಂದಿನ ತಿಂಗಳು ಒಂದಷ್ಟು ಜನ ಸೇರಿ ಅವರಿಗಾಗಿ ಮತ್ತೊಮ್ಮೆ ಸಮಾರಂಭ ಮಾಡಿ, ಉಡಿಸಿ, ಫೋಟೋ ತೆಗೆಸಿದರು.

ದುಡ್ಡಿನ ಮಾತು ಚುಟುಕಾಗಿ: 2023ರ ಅಕ್ಟೋಬರ್‌ನಿಂದ ಬಂದ ತೆರಿಗೆ ಇನ್‌ವಾಯ್ಸ್ ಪದ್ಧತಿ ಸಣ್ಣ ಫ್ರೀಲಾನ್ಸರ್‌ಗಳ ಕೈ ಬಿಗಿ ಮಾಡಿತು. 2024ರ ನವೆಂಬರ್‌ನಿಂದ ಜಾರಿಯಾದ ಕಾಯ್ದೆ, ಕೆಲಸ ಒಪ್ಪಿಸಿದ 60 ದಿನದೊಳಗೆ ಕಂಪನಿಗಳು ದುಡ್ಡು ಕೊಡಬೇಕು, ಕರಾರು ಬರಹದಲ್ಲಿರಬೇಕು ಎಂದಿದೆ. ನಮ್ಮ ಈವೆಂಟ್ ಫೋಟೋಗ್ರಾಫರ್‌ಗಳು ಓದಿದರೆ ನಿಟ್ಟುಸಿರು ಬಿಟ್ಟಾರು.

ಮಕ್ಕಳ ಕೆಲಸ ಕಡಿಮೆಯಾದಂತೆ ಇನ್ನೊಂದು ಕೆಲಸ ಬೆಳೆಯುತ್ತಿದೆ. ಜಪಾನಿನ ಅಂತ್ಯಕ್ರಿಯೆಯಲ್ಲಿ ಹೂಗಳ ನಡುವೆ ತೀರಿಹೋದವರ ದೊಡ್ಡ ಫೋಟೋ ಇಡುತ್ತಾರೆ, ಅದಕ್ಕೆ 'ಇಯೆಯ್' ಎಂದು ಹೆಸರು. ನಮ್ಮ ಮನೆಗಳ ಹಾರ ಹಾಕಿದ ಫೋಟೋದ ಹಾಗೆಯೇ. ಸಾವಿನ ಗಡಿಬಿಡಿಯಲ್ಲಿ ಹುಡುಕಿದರೆ ಒಳ್ಳೆಯ ಫೋಟೋ ಸಿಗುವುದಿಲ್ಲ. ಯಾವುದೋ ಪ್ರವಾಸದ ಗುಂಪು ಚಿತ್ರದಿಂದ ಉಗುರಿನಷ್ಟು ಮುಖ ಕತ್ತರಿಸಿ, ದೊಡ್ಡದು ಮಾಡಿ, ಕೊರಳ ಕೆಳಗೆ ಬೇರೆ ಬಟ್ಟೆ ಅಂಟಿಸುತ್ತಾರೆ. ಇದು ಬೇಡವೆಂದು ಈಗ ಹಿರಿಯರು ತಾವೇ ಸ್ಟುಡಿಯೋಗೆ ಬಂದು ತೆಗೆಸಿಡುತ್ತಾರೆ. ನಮ್ಮಲ್ಲಿ ಈ ಮಾತೆತ್ತಿದರೆ "ಬಿಡ್ತು ಅನ್ನಿ" ಎಂದು ಬಾಯಿ ಮುಚ್ಚಿಸುತ್ತಾರೆ. ಆದರೆ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ ಮನೆಗಳನ್ನು ಕಂಡಾಗ, ಅವರು ಮಾಡುವುದೇ ಸರಿ ಅನ್ನಿಸುತ್ತದೆ.

ಈ ಕೆಲಸಕ್ಕೆ ಯಾವ ಮರದ ಅಪ್ಪಣೆಯೂ ಬೇಡ, ಸ್ಟುಡಿಯೋದೊಳಗೆ ಆಗುವಂಥದ್ದು. ಆದರೂ ಬಿಸಿಲು ಕಡಿಮೆಯಿರುವ ವಸಂತದಲ್ಲೋ ಶರತ್ಕಾಲದಲ್ಲೋ ಹಿರಿಯರನ್ನು ಕರೆತರುವುದು ಸುಲಭ. ಕಪ್ಪು ಕಿಮೊನೊ ಬೇಕೆಂದಿಲ್ಲ. ದಿನಾ ತೊಡುವ ಸ್ವೆಟರ್, ಇಷ್ಟದ ಟೋಪಿ, ಹಿಂದೆ ತಿಳಿ ಬಣ್ಣದ ಪರದೆ. ಮೇಕಪ್ ಮಾಡಿಸಿಕೊಂಡು, ಸ್ವಲ್ಪ ನಾಚಿಕೊಂಡು ಕೂರುತ್ತಾರೆ. ಕೆಲವರು ಪ್ರತಿ ಹುಟ್ಟುಹಬ್ಬಕ್ಕೆ ಬಂದು ಹೊಸದು ತೆಗೆಸಿ, ಹೋದ ವರ್ಷದ್ದನ್ನು ಚೌಕಟ್ಟಿನಿಂದ ತೆಗೆದು ಈ ವರ್ಷದ್ದು ಹಾಕಿಸಿಕೊಂಡು ಹೋಗುತ್ತಾರೆ.